ನಾರ್ಮಲ್ ಹೊಟ್ಟೆಯ ನೋವು

ಬಸ್ಸು ಹತ್ತಿದ ಕೂಡಲೇ ಲೋಕವೆಲ್ಲ ಕಿಟಕಿಯ ಸೀಟಿಗೆ ಹವಣಿಸಿದರೆ, ನಾನು ಬಾಗಿಲ ಪಕ್ಕದ ಸೀಟಿಗೆ ಕಣ್ಣು ಹಾಕುವವನು. ಹೊಟ್ಟೆಪಾಡಿಗೆಂದು ಮಳವಳ್ಳಿಯಲ್ಲಿ ಮೇಷ್ಟ್ರಾದವನಿಗೆ ನಾಲ್ಕು ವರ್ಷದಿಂದ ಹೊಟ್ಟೆಯ ಪಾಡೇ ದೊಡ್ಡ ಪಾಡಾಗಿದೆ. ಹೊಕ್ಕುಳ ಸುತ್ತ ಹಿಂಡುವ ನೋವು ಎಲ್ಲಿ ಬಂದೀತೋ, ಎಲ್ಲಿ ಇಳಿಯಬೇಕಾದೀತೋ ಎಂಬ ಚಡಪಡಿಕೆ ನೋವಿಗಿಂತ ಮೊದಲೇ ಬಂದು ಕೂತಿರುತ್ತದೆ. ಸ್ಕ್ಯಾನು, ರಕ್ತಪರೀಕ್ಷೆ, ಎಂಡೋಸ್ಕೋಪಿ ಎಲ್ಲವೂ ಒಕ್ಕೊರಲಿನಿಂದ 'ನಾರ್ಮಲ್' ಎಂದವು. ಪರೀಕ್ಷೆಗಳಲ್ಲೆಲ್ಲ ಪಾಸಾಗಿ ಅತ್ತವನು ಬಹುಶಃ ನಾನೊಬ್ಬನೇ.

ಈ ಭಯದಲ್ಲಿ ನಾನು ಕಳೆದುಕೊಂಡದ್ದು ಹಲಗೂರಿನ ಅಕ್ಕನನ್ನು. ಅವಳ ಮಗಳ ಮದುವೆಗೆ ಹೊರಟವನು ಅರ್ಧ ದಾರಿಯಲ್ಲೇ ಇಳಿದು ವಾಪಸಾದೆ; ಕಾರಣ ಹೇಳಲಿಲ್ಲ. ಆಮೇಲೆ ಅವಳ ಫೋನು ನಿಂತುಹೋಯಿತು.

ಮಂಡ್ಯದ ಡಾಕ್ಟರಮ್ಮ ಮಾತ್ರ ನನ್ನ ಫೈಲನ್ನು ಪೂರ್ತಿ ಓದಿ, "ನೋವಿಗೆ ಹೆದರಿ ಏನೇನು ಬಿಟ್ಟಿದ್ದೀರಿ ಸಾರ್?" ಎಂದು ಕೇಳಿದರು.

"ಅಕ್ಕನ್ನ" ಅಂದುಬಿಟ್ಟೆ.

"ನಿಮ್ಮ ನೋವು ಸುಳ್ಳಲ್ಲ. ಕರುಳಲ್ಲಿ ಗಾಯ ಇಲ್ಲ, ಆದರೆ ಕರುಳಿಗೂ ಮಿದುಳಿಗೂ ನಡುವಿನ ನರಗಳು ಸಣ್ಣದಕ್ಕೂ ಕೂಗಿಕೊಳ್ತಿವೆ. ಹೊತ್ತಿಗೆ ಊಟ, ನಡಿಗೆ, ನಿಧಾನದ ಉಸಿರು, ಜೊತೆಗೆ ಈ ಮಾತ್ರೆ. ನೋವು ಪೂರ್ತಿ ಹೋಗಲಿ ಅಂತ ಕಾಯಬೇಡಿ. ಬಿಟ್ಟಿದ್ದನ್ನ ಒಂದೊಂದಾಗಿ ಶುರು ಮಾಡಿ."

ಎರಡು ತಿಂಗಳ ಮೇಲೆ ಒಂದು ಭಾನುವಾರ ಹಲಗೂರಿನ ಬಸ್ಸು ಹತ್ತಿದೆ. ಅರ್ಧ ದಾರಿಗೆ ಸರಿಯಾಗಿ ನೋವು ಬಂತು. ನಾನು ಬೆವರುತ್ತ ಅರ್ಧ ಎದ್ದು ನಿಂತದ್ದನ್ನು ಕಂಡ ಕಂಡಕ್ಟರು, "ಇಳೀತೀರಾ ಸಾ?" ಎಂದ.

"ಇಲ್ಲ ಕಣಪ್ಪ, ಹಲಗೂರಿಗೇ" ಎಂದು ಕೂತೆ. ಕಂಬಿ ಹಿಡಿದು ಉಸಿರೆಣಿಸಿದೆ. ನೋವು ಹೆಚ್ಚಲೂ ಇಲ್ಲ, ಹೋಗಲೂ ಇಲ್ಲ, ಹಲಗೂರು ಬಂತು.

ಅಕ್ಕ ಬಾಗಿಲಲ್ಲೇ ತಡೆದಳು. "ಏನ್ಲಾ, ಈಗ ದಾರಿ ಗೊತ್ತಾಯ್ತಾ? ನನ್ ಮಗಳ ಮದ್ವೆ ಊಟ ಬ್ಯಾಡ್ವಾಗಿತ್ತಾ ನಿಂಗೆ?"

"ಒಟ್ಟೆ ನೋವು ಕಣಕ್ಕ. ಹೇಳ್ಕೊಳ್ಳೋಕೆ ನಾಚ್ಕೆ. ಅವತ್ತು ದಾರೀಲಿ ಇಳ್ದು ಬೇಲಿ ಪಕ್ಕ ಕೂತಿದ್ದೆ."

ಅವಳು ಕೈ ಹಿಡಿದು ಒಳಗೆಳೆದುಕೊಂಡಳು. "ಅಯ್ಯೋ ಮುಂಡೇದೆ, ಒಂದ್ ಮಾತು ಅನ್ನಬಾರದಾಗಿತ್ತಾ? ನಿಂಗೆ ನನ್ ಮ್ಯಾಲೆ ಏನೋ ಸಿಟ್ಟು ಅನ್ಕಂಡು ಮೂರ್ ವರ್ಸ ಬೆಂದೋದ್ನಲ್ಲೋ!"

ನನ್ನ ಹೊಟ್ಟೆಯನ್ನು ಕಾಯಲು ಹೋಗಿ ಅವಳ ಹೊಟ್ಟೆ ಉರಿಸಿದ್ದು ಆಗ ತಿಳಿಯಿತು.

ಮೆತ್ತನೆಯ ಮುದ್ದೆ, ಸೊಪ್ಪಿನ ಸಾರು ಬಡಿಸಿದಳು. ಅರ್ಧ ಮುದ್ದೆಗೆ ಮತ್ತೆ ಹಿಂಡಿತು.

"ನೋವಾ?"

"ಹೂಂ."

"ಕೈ ತೊಳ್ಕೊಂಡು ಒರಗ್ಕೋ ಬುಡು" ಎಂದು ದಿಂಬು ತಂದಿಟ್ಟು, ನಾನು ತಪ್ಪಿಸಿಕೊಂಡ ಮದುವೆಯನ್ನು ಚಪ್ಪರ ಹಾಕಿದಲ್ಲಿಂದ ಹೇಳತೊಡಗಿದಳು: ಯಾರು ಬಂದರು, ಯಾರು ಮುನಿದರು, ಸೋದರಮಾವ ಮಾಡಬೇಕಾದ ಶಾಸ್ತ್ರಕ್ಕೆ ಯಾರನ್ನು ನಿಲ್ಲಿಸಿದರು. ಕತೆ ಧಾರೆಗೆ ಬರುವ ಹೊತ್ತಿಗೆ ನೋವು ಇಳಿದಿತ್ತೋ ಇಲ್ಲವೋ, ನೋಡಿಕೊಳ್ಳಲು ಮರೆತೆ.