ಎಣ್ಣೆಯಲ್ಲಿಟ್ಟ ಬೆಳ್ಳುಳ್ಳಿ

ಅತ್ತಿಗೆಗೆ ಬೆಳ್ಳುಳ್ಳಿ ತಿಂದರೆ ಎದೆಯುರಿ. ಆದರೂ ಮನೆಯಲ್ಲಿ ಬೆಳ್ಳುಳ್ಳಿಯನ್ನು ಎಣ್ಣೆಯಲ್ಲಿ ಮುಳುಗಿಸಿ ಬಾಟಲಿಗೆ ತುಂಬುವವಳು ಅವಳೇ. ರುಚಿ ನೋಡುವ ಹಾಗಿಲ್ಲದ್ದರಿಂದ ಮುಚ್ಚಳ ತೆಗೆದು ಮೂಸುತ್ತಾಳೆ. ಮೂಗು ಒಪ್ಪಿದರೆ ಊಟಕ್ಕೆ, ಇಲ್ಲದಿದ್ದರೆ ಕಸಕ್ಕೆ. "ನಮ್ಮತ್ತಿಗೆ ಮೂಗಿನ ಮುಂದೆ ಲ್ಯಾಬು ಯಾವ ಲೆಕ್ಕ?" ಎನ್ನುತ್ತಿದ್ದ ಮೈದುನ. ಅವನು ದರ್ಜಿ, ಕೈ ನಿಂತರೂ ಬಾಯಿ ನಿಲ್ಲದವನು. ಹುಳಿ ಜಾಸ್ತಿ ಎಂದು ಅವನೇ ಗೊಣಗಿದ್ದಕ್ಕೆ ಈ ಸಲ ವಿನೆಗರ್ ಹಾಕುವುದನ್ನೇ ಬಿಟ್ಟಿದ್ದಳು. ಬಾಟಲಿ ವಾರಗಟ್ಟಲೆ ಒಲೆ ಪಕ್ಕದ ಕಪಾಟಿನಲ್ಲಿತ್ತು.

ಆ ಬೆಳಗ್ಗೆ ಅವನು ದಾರ ಪೋಣಿಸಲಾರದೆ ಕೂತಿದ್ದ.

"ಅತ್ತಿಗೆ, ಸೂಜಿ ಎರಡು ಕಾಣ್ತಿದೆ. ಯಾವುದಕ್ಕೆ ಪೋಣಿಸ್ಲಿ?"

"ನಿನ್ನೆ ಎಲ್ಲಿ ಕುಡಿದು ಬಂದೆ?"

ನಗಲು ಹೋದ, ತುಟಿ ಅಲುಗಲಿಲ್ಲ. ರೆಪ್ಪೆ ಜೋತುಬಿದ್ದಿತ್ತು.

ಏನು ತಿಂದಿದ್ದ ಎಂದು ಆಸ್ಪತ್ರೆಯಲ್ಲಿ ವೈದ್ಯೆ ಕೇಳಿದಾಗ ಅತ್ತಿಗೆ, "ಮನೆ ಊಟಾನೇ ಡಾಕ್ಟ್ರೇ, ನಾವೆಲ್ಲ ತಿಂದಿದ್ದೇ" ಎಂದಳು. ಹೊರಗೆ ಬೆಂಚಿನ ಮೇಲೆ ಕೂತಳು, ಎದ್ದಳು, ಗೋಡೆಯಿಂದ ಗೋಡೆಗೆ ನಡೆದಳು. ಅವನೊಬ್ಬನೇ ತಿಂದದ್ದು ಒಂದಿತ್ತು. ಆದರೆ ಅದು ನಾತ ಹೊಡೆದಿರಲಿಲ್ಲವಲ್ಲ! ಬಾಗಿಲ ಗಾಜಿನಾಚೆ ಮೈದುನ ಗುಟುಕು ನೀರು ನುಂಗಲಾರದೆ ಕೆಮ್ಮುತ್ತಿದ್ದ. ಒಳಗೆ ನುಗ್ಗಿ ಬೆಳ್ಳುಳ್ಳಿ ಬಾಟಲಿಯ ವಿಷಯ ಎಲ್ಲ ಹೇಳಿಬಿಟ್ಟಳು.

"ಈ ವಿಷಕ್ಕೆ ವಾಸನೆ ಇರ್ಲೇಬೇಕು ಅಂತಿಲ್ಲಮ್ಮ" ಎಂದರು ವೈದ್ಯೆ. "ಗಾಳಿ, ಹುಳಿ ಎರಡೂ ಇಲ್ಲದ ಕಡೆ ಒಂದು ಬ್ಯಾಕ್ಟೀರಿಯಾ ಇದನ್ನ ತಯಾರಿಸುತ್ತೆ. ವಿಷ ಮೊದಲು ನರದ ತುದೀಲಿರೋ ಕೊಬ್ಬಿನ ಕಣಕ್ಕೆ ಒಂದು ಕೈ ಹಾಕುತ್ತೆ. ಸ್ನಾಯುಗೆ ಸುದ್ದಿ ಕಳಿಸೋಕೆ ನರ ತನ್ನ ಪುಟ್ಟ ಚೀಲ ಬಿಚ್ಚಿದಾಗ ಒಳಗಿನ ಪ್ರೋಟೀನು ಹೊರಗೆ ಬರುತ್ತಲ್ಲ, ಅದಕ್ಕೆ ಇನ್ನೊಂದು ಕೈ. ಚೀಲ ವಾಪಸ್ ಹೋಗುವಾಗ ಇದೂ ಒಳಗೆ. ಆಮೇಲೆ ಸುದ್ದಿ ಬಂದ್."

"ಹೊರಗೆ ಎಳೆದು ಹಾಕಿ ಮತ್ತೆ!"

"ಒಳಗೆ ಹೋದದ್ದನ್ನ ಆಗಲ್ಲ. ರಕ್ತದಲ್ಲಿ ಇನ್ನೂ ಅಲೀತಿರೋದನ್ನ ಹಿಡಿಯೋ ಮದ್ದಿದೆ. ಈಗ್ಲೇ ಕೊಡ್ತೀನಿ, ಪರೀಕ್ಷೆ ರಿಪೋರ್ಟಿಗೆ ಕಾಯಲ್ಲ."

ಮದ್ದು ಏರಿಸಿದರು. ನರ್ಸ್ ಆಗಾಗ ಬಂದು ಕೊಳವೆಯೊಂದನ್ನು ಊದಿಸಿ ಅವನ ಉಸಿರಿನ ಬಲ ಅಳೆಯುತ್ತಿದ್ದ. ಮಧ್ಯಾಹ್ನವಿಡೀ ಅಂಕಿ ಇಳಿಯುತ್ತಲೇ ಹೋಯಿತು. ಸಂಜೆ ಇಳಿಯುವುದು ನಿಂತಿತು.

"ಏರ್ತಾ?"

"ಇಳೀಲಿಲ್ಲ ಅಕ್ಕ. ಇವತ್ತಿಗೆ ಅದೇ ದೊಡ್ಡದು. ನರ ಹೊಸ ತುದಿ ಚಿಗುರಿಸೋಕೆ ತಿಂಗಳುಗಟ್ಟಲೆ ಬೇಕು."

ಮೈದುನನ ಕಣ್ಣು ಮುಚ್ಚಿಯೇ ಇತ್ತು. ಅತ್ತಿಗೆ ಬೆರಳ ತುದಿಯಿಂದ ರೆಪ್ಪೆಯನ್ನು ಮೆಲ್ಲಗೆ ಎತ್ತಿದಳು. ಅವನು ಎಚ್ಚರವಾಗಿಯೇ ಇದ್ದ, ಅವಳನ್ನೇ ನೋಡಿದ. ನರ್ಸ್ ಮತ್ತೆ ಕೊಳವೆ ಹಿಡಿದು ಬರುವವರೆಗೂ ಅವಳು ಬೆರಳು ತೆಗೆಯಲಿಲ್ಲ.