ಕೆಂಪು ದಾರ ಕಟ್ಟಿದ ಕಾಯಿಗಳು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮನೆಯವರು ಏಳುವ ಮೊದಲೇ ಹಿತ್ತಲ ಗೇಟು ಸರಿಸಿ ಒಳಬಂದ ಚಪ್ಪರದಕ್ಕ ಸೋರೆ ಬಳ್ಳಿಯ ಎದುರು ಕುಕ್ಕುರುಗಾಲಲ್ಲಿ ಕೂತಿದ್ದಾರೆ. ಹೊಸ ಕುಡಿಯೊಂದು ಗೋಡೆಯ ಪೈಪಿನತ್ತ ಹೊರಟಿದೆ. ಅದನ್ನು ಎರಡು ಬೆರಳಲ್ಲಿ ಎತ್ತಿ ಕೋಲಿಗೆ ದಾಟಿಸುತ್ತಾ ಗದರುತ್ತಾರೆ: "ಎಲ್ಲಿಗ್ ಹೊರಟೆ ನೀನು? ಇಷ್ಟು ದೊಡ್ಡ ಚಪ್ಪರ ಹಾಕ್ಕೊಟ್ರೂ ಪೈಪ್ ಮೇಲೇ ಕಣ್ಣು ನಿಂಗೆ!"

ಅವರನ್ನು ಈ ಬೀದಿಯಲ್ಲಿ ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. ಬೇರೆಯವರ ಹಿತ್ತಲಲ್ಲಿ ಪಾತಿ ಮಾಡಿ, ಚಪ್ಪರ ಹಾಕಿ, ಬಳ್ಳಿ ಹಬ್ಬಿಸುವುದೇ ಕಸುಬಾದ್ದರಿಂದ ಚಪ್ಪರದಕ್ಕ. ಸ್ವಂತಕ್ಕೆ ಹಿಡಿ ಮಣ್ಣಿಲ್ಲ. ಟೈಲರ್ ಗಂಡನ ಜೊತೆ ಅಂಗಡಿಯ ಮೇಲಿನ ಬಾಡಿಗೆ ಕೋಣೆಯಲ್ಲಿ ವಾಸ. ಒಂದು ಕಾಲಕ್ಕೆ ಬೀದಿಯ ಅಷ್ಟೂ ಹಿತ್ತಲುಗಳು ಅವರ ಕೈಯಲ್ಲಿದ್ದವು. ಈಗ ಮೂರು ಉಳಿದಿವೆ. ಮಿಕ್ಕ ಕಡೆ ಕಲ್ಲು ಹಾಸಿಸಿದ್ದಾರೆ, ತೊಳೆಯಲು ಸುಲಭವಂತೆ. ಕಲ್ಲು ತೊಳೆಯುವ ಸುಖವೇನೋ, ನನಗಂತೂ ಗೊತ್ತಿಲ್ಲ.

ಚಪ್ಪರದಕ್ಕನಿಗೆ ಬೇಸಿಗೆಯೆಂದರೆ ಸಂಜೆ ನೀರು ಬಿಟ್ಟಾಗ ಮಣ್ಣಿನಿಂದ ಏಳುವ ವಾಸನೆ, ಎಷ್ಟು ಚಿವುಟಿದರೂ ಸೋಲದ ಪುದೀನ. ಮಳೆಗಾಲದಲ್ಲಿ "ನಮ್ದೇನೂ ನಡೆಯಲ್ಲ, ಸುಮ್ನೆ ನಿಂತ್ರೆ ಕುಂಬಳ ನಮ್ ಮೇಲೇ ಹಬ್ಬಿಬಿಡುತ್ತೆ." ಚಳಿ ಬಿತ್ತೆಂದರೆ ಹುರುಳಿಕಾಯಿ. ಆ ಮಾತು ಬಂದ ಕೂಡಲೇ ಅವರು ಎದ್ದು ಪಾತಿಯ ಆಚೆ ಬದಿಗೆ ನಡೆಯುತ್ತಾರೆ. ನಾನೂ ಬೆನ್ನಿಗೇ ಹೋಗುತ್ತೇನೆ. ಪತ್ರಿಕೆಗೆ ಬರೆಯುವವರಿಗೆ ಅಷ್ಟು ಭಂಡತನ ಇರಲೇಬೇಕು.

ನೇರಳೆ ಗೆರೆಯ ಆ ಹುರುಳಿಕಾಯಿ ಅತ್ತೆ ಕೊಟ್ಟಿದ್ದು. "ಒಂದು ಬಳೆ ಕೊಡ್ಲಿಲ್ಲ ನಮ್ಮತ್ತೆ, ಒಂದು ಡಬ್ಬಿ ಬೀಜ ಕೊಟ್ರು. ಆಗ ಸಿಟ್ಟು ನೆತ್ತಿಗೇರಿತ್ತು. ಬಳೆ ಆಗಿದ್ರೆ ಎಂದೋ ಅಡ ಸೇರ್ತಿತ್ತು ಬಿಡಿ." ಹಳೆಯ ಬೀಜ ಮೊಳೆಯದು. ಹಾಗಾಗಿ ಪ್ರತಿ ಚಳಿಗಾಲಕ್ಕೂ ಯಾರದಾದರೂ ಹಿತ್ತಲಲ್ಲಿ ಬಿತ್ತಿ, ಚೆಂದದ ಕಾಯಿಗಳನ್ನು ಕೀಳದೆ ಬಳ್ಳಿಯಲ್ಲೇ ಒಣಗಲು ಬಿಟ್ಟು, ಮುಂದಿನ ವರ್ಷಕ್ಕೆ ಬೀಜ ಮಾಡಿಕೊಳ್ಳುತ್ತಿದ್ದರು. ಬಿಟ್ಟ ಕಾಯಿಗೆ ಗುರುತು, ಗಂಡನ ಅಂಗಡಿಯ ಕೆಂಪು ದಾರ. ಬೀಜ ಕೇಳಿ ಒಯ್ದ ನೆರೆಹೊರೆಯವರೆಲ್ಲ ಬೀಜಕ್ಕೆ ಬಿಡದೆ ಕಾಯಿ ತಿಂದು ಮುಗಿಸಿದರು. ಈ ಸಲ ಡಬ್ಬಿಯಲ್ಲಿದ್ದಷ್ಟನ್ನೂ ಮೂಲೆಮನೆಯ ಹಿತ್ತಲಲ್ಲಿ ಬಿತ್ತಿದರು.

ಮೂಲೆಮನೆಯ ಅಜ್ಜಿ ಒಳ್ಳೆಯವರು. ಅಲ್ಲೂ ಕಲ್ಲು ಹಾಸುವುದೆಂದು ತೀರ್ಮಾನವಾದಾಗ, ಬಳ್ಳಿ ಮುಗಿಯುವ ತನಕ ಕಾಯಲೇಬೇಕು ಎಂದು ಹಟ ಹಿಡಿದವರು ಅವರೇ. ಆದರೆ ಕಳೆದ ತಿಂಗಳು ಗಾರೆಯವರು ಹೇಳಿದ್ದಕ್ಕಿಂತ ಮೊದಲೇ ಬಂದು ನಿಂತರು. ಅಜ್ಜಿ ಗಾಬರಿಯಿಂದ ಬುಟ್ಟಿ ಹಿಡಿದು ಓಡಿದರು. ದಾರ ಕಟ್ಟಿದವು ಚಪ್ಪರದಕ್ಕ ಮನೆಗೊಯ್ಯಲು ಆರಿಸಿಟ್ಟುಕೊಂಡ ಕಾಯಿಗಳೆಂದು ಅವರ ಎಣಿಕೆ. ಅವನ್ನೇ ಮೊದಲು ಕಿತ್ತು, ದಾರ ಬಿಚ್ಚಿ, ತೊಳೆದು, ಬಟ್ಟೆಯಲ್ಲಿ ಸುತ್ತಿಟ್ಟರು. ಚಪ್ಪರದಕ್ಕ ಬರುವಷ್ಟರಲ್ಲಿ ಬಳ್ಳಿ ಜಲ್ಲಿಯ ಅಡಿಯಲ್ಲಿತ್ತು.

"'ನಿಂಗೇ ಅಂತ ಎತ್ತಿಟ್ಟೆ ಕಣೇ, ಒಂದೂ ಹಾಳಾಗೋಕೆ ಬಿಡ್ಲಿಲ್ಲ' ಅಂದ್ರು. ಕೈಯೆಲ್ಲಾ ತರಚಿತ್ತು, ಪಾಪ. ಏನಂತ ಹೇಳ್ಲಿ? ಒಳ್ಳೇದಾಯ್ತಮ್ಮ ಅಂದೆ."

ಮನೆಗೆ ಹೋಗಿ ಒಂದೊಂದೇ ಕಾಯಿ ಸೀಳಿ ನೋಡಿದರಂತೆ. ಯಾವುದರಲ್ಲೂ ಬೀಜ ಬಲಿತಿರಲಿಲ್ಲ. ಅತ್ತೆ ಕೊಟ್ಟ ತಳಿ ಅಲ್ಲಿಗೆ ಮುಗಿಯಿತು. ಆದರೂ ಅವರ ದನಿಯಲ್ಲಿ ಯಾರ ಮೇಲೂ ದೂರಿಲ್ಲ. "ದಾರ ಯಾಕೆ ಅಂತ ಅವ್ರು ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ. ನಮಗೆ ಗೊತ್ತಿರೋದು ಊರಿಗೆಲ್ಲಾ ಗೊತ್ತು ಅಂದ್ಕೊಂಡ್ಬಿಡ್ತೀವಿ ನೋಡಿ. ಒಂದ್ಮಾತು ಹೇಳಿಡಬೇಕಿತ್ತು."

ಇದನ್ನು ಬರೆಯಬಹುದೇ ಎಂದು ಕೇಳುತ್ತೇನೆ. ಅವರು ಕೈಯ ಮಣ್ಣು ಕೊಡವಿಕೊಳ್ಳುತ್ತಾರೆ.

"ಬರೀರಿ. ಹಿಂದೆ ಒಯ್ದೋರ ಹತ್ರ ಎಲ್ಲಾದ್ರೂ ಒಂದು ಕಾಳು ಉಳಿದಿದ್ರೆ ಕೊಡ್ಲಿ. ಮೂಲೆಮನೆ ಅಮ್ಮಂಗೆ ಕಣ್ಣು ಮಂಜು, ಪೇಪರ್ ಸೊಸೆ ಓದಿ ಹೇಳ್ತಾಳೆ. ಅವಳಿಗೆ ಹೇಳಿಡ್ತೀನಿ, ಬೀಜ ಹೋಯ್ತು ಅನ್ನೋ ಭಾಗ ಬಂದಾಗ ಅದನ್ನ ಬಿಟ್ಟು, ಕಾಯಿ ಎಷ್ಟು ಎಳೇದಿತ್ತು ಅಂದ್ರೆ ಬೆಣ್ಣೆ ಥರ ಬೆಂದ್ವು ಅಂತ ಓದು ಅಂತ. ಸುಳ್ಳೇನಲ್ವಲ್ಲ ಅದು."