ನೊಂಪೊ ಮಾವ ಮತ್ತು ಕಬ್ಬಿಣದ ಪೀಪಾಯಿ

ಸೊಸೆ ಹಸ್ನಿಯಾರ್‌ಗೆ ಒಂದೇ ಚಿಂತೆ: ಮಾವನ ಕಾಲ್ಬೆರಳ ಕಪ್ಪು ಪಾದಕ್ಕೆ ಹರಡಿದೆಯೇ? ಮಗುವಿಗೆ ಗಂಜಿ ತಿನ್ನಿಸುವಾಗಲೂ ಕಣ್ಣು ಅತ್ತಲೇ ಹೋಗುತ್ತಿತ್ತು.

ಮಕಾಸ್ಸರ್ ನಗರದ ಎದುರಿನ ಆ ದ್ವೀಪದಲ್ಲಿ ಅವಳ ಮಾವ ದಯೆಂಗ್ ನೊಂಪೊ ಹೆಸರುವಾಸಿ ಮುಳುಗುಗಾರ. ದೋಣಿಯ ಗಾಳಿಯಂತ್ರದ ಕೊಳವೆಯನ್ನು ಹಲ್ಲಲ್ಲಿ ಕಚ್ಚಿ, ತಳಕ್ಕಿಳಿದು, ಕಡಲಸೌತೆ ಎಂಬ ಮೆತ್ತನೆಯ ಜೀವಿಗಳನ್ನು ಹೆಕ್ಕಿ ಮಾರಿ ಸಂಸಾರ ಸಾಕಿದವರು. ಈ ಸಲ ಹವಳದ ಬಂಡೆ ಕಾಲ್ಬೆರಳಿಗೆ ತರಚಿದ ಗಾಯ ಮಾಯಲಿಲ್ಲ. ಸಕ್ಕರೆ ಕಾಯಿಲೆ ಬೇರೆ, ಕಾಲು ಕೀವುಗಟ್ಟಿತು. ನಗರದ ವೈದ್ಯೆ ಗಾಯ ಶುಚಿಮಾಡಿ, ಔಷಧಿ ಕೊಟ್ಟು, “ಇದರ ಜೊತೆಗೆ ಒತ್ತಡದ ಕೋಣೆಯಲ್ಲಿ ಕೂರಿಸಿ ಶುದ್ಧ ಆಮ್ಲಜನಕ ಕೊಡೋಣ. ಕಾಲು ಉಳಿಸೋಕೆ ಅನುಕೂಲ ಆಗಬಹುದು,” ಎಂದಿದ್ದರು.

ಆ ಕೋಣೆ ದ್ವೀಪದವರಿಗೆ ಹೊಸದಲ್ಲ. ಆಳದಿಂದ ತಟ್ಟನೆ ಮೇಲೆದ್ದು ಕಾಲು ಸೋತವರನ್ನು ಹೊತ್ತೊಯ್ಯುತ್ತಿದ್ದುದು ಅಲ್ಲಿಗೇ.

“ಆ ಕಬ್ಬಿಣದ ಪೀಪಾಯಿಗೆ ನಾನು ಬರಲ್ಲ ಕಣವ್ವ. ಹೋದವರೆಲ್ಲ ಕೋಲೂರಿಕೊಂಡೇ ವಾಪಸ್ ಬಂದಿದ್ದು.”

“ಅವರು ಹೋಗುವಾಗ್ಲೇ ಕುಂಟ್ತಿದ್ರಲ್ಲ ಮಾವ. ಕಡಲಿಗಿಳಿದ ಹಾಗೇ ಅದು. ಮೈ ಒದ್ದೆಯಾಗಲ್ಲ, ಅಷ್ಟೇ.”

“ಓಹೋ, ಕಡಲಿಗಿಳಿಯೋದನ್ನ ನನಗೆ ಹೇಳ್ಕೊಡ್ತೀಯಾ?”

ಧೈರ್ಯ ತುಂಬಲೆಂದು ಆಡಿದ ಮಾತು ಅದು. ಮುದುಕರು ಅದನ್ನೇ ಹಿಡಿದುಕೊಂಡರು. ಮರುದಿನದಿಂದ ಪಾದಕ್ಕೆ ಪ್ಲಾಸ್ಟಿಕ್ ಸುತ್ತಿಕೊಂಡು ದೋಣಿ ಹತ್ತಿದರು, ಆಳಕ್ಕಿಳಿದು ಕೂತರು, ತೊಯ್ದ ಪಟ್ಟಿಯಲ್ಲೇ ಮನೆಗೆ ಬಂದರು. “ನಿನ್ನ ಡಾಕ್ಟರಮ್ಮನ ಚಿಕಿತ್ಸೆ ಇವತ್ತಿನದು ಆಯ್ತು,” ಎಂದು ನಗುತ್ತಿದ್ದರು. ಅವಳು ಬೈದಳು, ಅತ್ತಳು, ಪಟ್ಟಿ ಬದಲಿಸಿದಳು. ವೈದ್ಯೆಗೆ ಮಾತ್ರ ತಿಳಿಸಲಿಲ್ಲ. ಓದಿದವಳಾಗಿ ಹೀಗೆ ಹೇಳಿಕೊಟ್ಟೆಯಾ ಎಂದುಬಿಟ್ಟರೆ? ಹಡಗಿನಲ್ಲಿ ದುಡಿಯುವ ಗಂಡನಿಗೂ ಹೇಳಲಿಲ್ಲ. ನಾಳೆ ಹೇಳಿದರಾಯಿತು ಎನ್ನುತ್ತಲೇ ದಿನಗಳು ಜಾರಿದವು.

ಇಂದು ಬೆಳಿಗ್ಗೆ ಮಾವನ ಮೈ ಕೆಂಡವಾಗಿತ್ತು. ಪಟ್ಟಿ ಬಿಚ್ಚಿದಳು. ಕಪ್ಪು ಬಣ್ಣ ಬೆರಳು ದಾಟಿ ಪಾದಕ್ಕೇರಿತ್ತು. ಮಗುವನ್ನು ಸೊಂಟಕ್ಕೇರಿಸಿಕೊಂಡು, ವೈದ್ಯೆಗೆ ಫೋನ್ ಮಾಡಿದಳು.

“ಡಾಕ್ಟ್ರೇ, ಮಾವ ನಿಮ್ಮ ಕೋಣೆಗೆ ಬರೋ ಬದಲು ಕಡಲಿಗಿಳಿದ್ರು. ಎರಡೂ ಒಂದೇ ಅಂದಿದ್ದು ನಾನೇ.”

“ಅಲ್ಲಿ ಅವರು ಎಳ್ಕೊಂಡಿದ್ದು ಬರೀ ಗಾಳಿ ಕಣಮ್ಮ, ಶುದ್ಧ ಆಮ್ಲಜನಕ ಅಲ್ಲ. ಗಾಯಕ್ಕೆ ಉಪ್ಪುನೀರು ಬೇರೆ. ಈಗಲೇ ದೋಣಿ ಹತ್ತಿಸಿ. ಬೆರಳು ಉಳಿಯಲ್ಲ ಅನ್ಸುತ್ತೆ. ಪಾದದ ಮಾತು ನೋಡಿದ ಮೇಲೆ.”

“ಯಾರವ್ವ ಫೋನಲ್ಲಿ?” ಒಳಗಿಂದ ಮಾವನ ಕ್ಷೀಣ ದನಿ.

“ಡಾಕ್ಟ್ರು, ಮಾವ.”

“ಹಂಗಾದ್ರೆ ಕೇಳು, ಆ ಪೀಪಾಯೊಳಗೆ ಸಿಗರೇಟು ಸೇದಬಹುದಾ ಅಂತ.”

ಬರುತ್ತೇನೆ ಎನ್ನಲು ಮಾವನಿಗೆ ಇಷ್ಟು ದಿನ ಹಿಡಿದಿತ್ತು. ಹಸ್ನಿಯಾರ್ ಫೋನನ್ನು ಕಿವಿಗೆ ಒತ್ತಿಕೊಂಡಳು. “ಹೊರಟ್ವಿ ಡಾಕ್ಟ್ರೇ,” ಎಂದಳು.